ಬಾಬಾಸಾಹೇಬರ ವಾಡೆಗೆ ಒಬ್ಬ ಹುಡುಗಿ ಹೋದರೆ



ಗಜೇಂದ್ರಗಡದಿಂದ ರೋಣಕ್ಕೆ, ರೋಣದಿಂದ ಗದಗಿಗೆ ಕಾಲೇಜಿಗೆಂದು ಓಡಾಡುವ ಹುಡುಗಿಯರನ್ನು ಬಸ್ಸಿನಲ್ಲಿ ನೀವು ನೋಡಿರುತ್ತೀರಿ. ಇಬ್ಬರು ಒಂದೇ ಮೊಬೈಲಿಗೆ ಕಣ್ಣಿಟ್ಟು, ಕಿವಿಗೊಂದೊಂದು ತಂತಿ ಹಂಚಿಕೊಂಡು ಕೂತಿರುತ್ತಾರೆ. ಏನವ್ವಾ ನೋಡ್ತೀರಿ ಎಂದು ಕೇಳಿದರೆ ಎಷ್ಟೋ ಸಲ ಬರುವ ಉತ್ತರ ಕೊರಿಯಾದ ಧಾರಾವಾಹಿ, ಇಲ್ಲವೆ ಚೀನಾದ್ದು. ಅವುಗಳಲ್ಲಿ ಒಂದು ಬಗೆಯ ಕಥೆ ಅವರ ಮನಸ್ಸನ್ನು ಬಿಡದೆ ಹಿಡಿದಿದೆ. ಇವತ್ತಿನ ಕಾಲದ ಹುಡುಗಿಯೊಬ್ಬಳು ಯಾವುದೋ ಅವಘಡಕ್ಕೆ ಸಿಕ್ಕು ಎಚ್ಚರ ತಪ್ಪುತ್ತಾಳೆ. ಕಣ್ಣು ತೆರೆದಾಗ ಮುನ್ನೂರು ವರ್ಷ, ಸಾವಿರ ವರ್ಷ ಹಿಂದಿನ ಅರಮನೆಯಲ್ಲಿ ಇರುತ್ತಾಳೆ. ಅಲ್ಲಿ ಒಬ್ಬ ರಾಜಕುಮಾರನ ಮೇಲೆ ಮನಸ್ಸಾಗುತ್ತದೆ. ಆ ಪ್ರೀತಿ ಕೈಗೂಡುವುದಿಲ್ಲ.

ಈ ಬಗೆಯ ಕಥೆಗಳಲ್ಲಿ ಹೆಸರಾದದ್ದು ಚೀನಾದ ಲೇಖಕಿ ತೋಂಗ್ ಹುವಾ 2005ರಲ್ಲಿ ಬರೆದ ಕಾದಂಬರಿ. 2011ರಲ್ಲಿ ಅದು ಚೀನಾದಲ್ಲಿ ಧಾರಾವಾಹಿಯಾಯಿತು. 2016ರಲ್ಲಿ ಕೊರಿಯಾದವರು ಅದನ್ನೇ ತಮ್ಮ ಗೊರ್ಯೊ ಅರಸರ ಕಾಲಕ್ಕೆ ಒಗ್ಗಿಸಿಕೊಂಡು ಮತ್ತೆ ಮಾಡಿದರು. ಚೀನೀ ಕಥೆಯ ಹುಡುಗಿ ಹೋಗಿ ಸೇರುವುದು ಕಾಂಗ್‌ಶಿ ಚಕ್ರವರ್ತಿಯ ಅರಮನೆಗೆ. ಅವಳಿಗೆ ಇತಿಹಾಸ ಗೊತ್ತು. ಅಣ್ಣತಮ್ಮಂದಿರಲ್ಲಿ ನಾಲ್ಕನೆಯವನು ಪಟ್ಟಕ್ಕೆ ಬರುತ್ತಾನೆ, ಎಂಟನೆಯವನು ಸೆರೆಯಲ್ಲಿ ಸಾಯುತ್ತಾನೆ ಎಂದು ಗೊತ್ತು. ಗೊತ್ತಿದ್ದು ಅವಳು ಮಾಡಿದ್ದೇನು? ಯಾರನ್ನೂ ಉಳಿಸಲಾಗಲಿಲ್ಲ, ತನ್ನ ಪ್ರೀತಿಯನ್ನೂ ಉಳಿಸಿಕೊಳ್ಳಲಾಗಲಿಲ್ಲ. ಇಂಥ ಧಾರಾವಾಹಿಗಳು ಇತಿಹಾಸವನ್ನು ಹಗುರ ಮಾಡುತ್ತವೆ ಎಂದು 2011ರಲ್ಲೇ ಚೀನಾದ ಪ್ರಸಾರ ಇಲಾಖೆ ಆಕ್ಷೇಪ ಎತ್ತಿತ್ತು. ನಮ್ಮಲ್ಲೂ ಹಿರಿಯರು ಅದನ್ನೇ ಹೇಳುತ್ತಾರೆ: ಪುಸ್ತಕ ಬಿಟ್ಟು ಇದೇನು ಹುಚ್ಚು.

ನನಗೆ ಇದು ಹುಚ್ಚು ಅನ್ನಿಸುವುದಿಲ್ಲ. ಆ ಕಥೆಗಳಲ್ಲಿ ಪ್ರೀತಿಗೆ ಅಡ್ಡ ಬರುವವನು ಮೀಸೆ ತಿರುವುವ ಖಳನಲ್ಲ. ಅಡ್ಡ ಬರುವುದು ಮನೆತನ. ಅಪ್ಪನ ಮಾತು, ಕುಲದ ಉಳಿವು, ಯಾರ ಮಗಳನ್ನು ಯಾರಿಗೆ ಕೊಟ್ಟರೆ ಯಾರ ಸೈನ್ಯ ನಮ್ಮ ಕಡೆ ಬಂದೀತು ಎಂಬ ಲೆಕ್ಕ. ಅರಮನೆಯ ರೇಷ್ಮೆಯನ್ನು ತೆಗೆದಿಟ್ಟರೆ ಉಳಿಯುವುದು ನಮ್ಮ ಹುಡುಗಿಯರು ತಮ್ಮ ಪಡಸಾಲೆಯಲ್ಲೇ ಕೇಳುವ ಮಾತು. ಬಿಎ ಮುಗಿಯುವ ಮೊದಲೇ ನೋಡಲು ಬರುವವರ ಮುಂದೆ ಚಹಾದ ತಟ್ಟೆ ಹಿಡಿದು ನಿಂತ ಹುಡುಗಿಗೆ ಕಾಂಗ್‌ಶಿಯ ಅರಮನೆ ದೂರದ್ದಲ್ಲ.

ಕಾಲವನ್ನು ದಾಟಿ ಹೋಗುವ ಕಥೆಯೂ ನಮಗೆ ಹೊಸದೇನಲ್ಲ. ಭಾಗವತದಲ್ಲಿ ಕಕುದ್ಮಿ ಎಂಬ ಅರಸ ಬರುತ್ತಾನೆ. ಮಗಳು ರೇವತಿಗೆ ತಕ್ಕ ವರ ಯಾರು ಎಂದು ಬ್ರಹ್ಮನನ್ನೇ ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾಯನ ನಡೆದಿರುತ್ತದೆ. ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ಕೇಳಿದರೆ ಬ್ರಹ್ಮ ನಗುತ್ತಾನೆ. ನೀನು ಮನಸ್ಸಿನಲ್ಲಿಟ್ಟುಕೊಂಡು ಬಂದ ವರಗಳೂ ಇಲ್ಲ, ಅವರ ಮಕ್ಕಳು ಮೊಮ್ಮಕ್ಕಳೂ ಇಲ್ಲ, ಭೂಮಿಯಲ್ಲಿ 27 ಚತುರ್ಯುಗ ಕಳೆದುಹೋಯಿತು ಎನ್ನುತ್ತಾನೆ. ತಿರುಗಿ ಬಂದ ರೇವತಿಯನ್ನು ಬಲರಾಮನಿಗೆ ಕೊಟ್ಟು ತಂದೆ ತಪಸ್ಸಿಗೆ ಹೊರಟುಹೋಗುತ್ತಾನೆ. ಹಳೆಯ ಯುಗದ ಎತ್ತರದ ಹೆಣ್ಣನ್ನು ಬಲರಾಮ ನೇಗಿಲ ತುದಿಯಿಂದ ತಗ್ಗಿಸಿಕೊಂಡು ತನ್ನ ಅಳತೆಗೆ ತಂದುಕೊಂಡ ಎಂದು ವಿಷ್ಣುಪುರಾಣ ಹೇಳುತ್ತದೆ. ತಂದೆ ತನ್ನ ಕರ್ತವ್ಯ ಮಾಡಿದ. ಮಗಳು ತನ್ನ ಕಾಲವನ್ನೇ ಕಳೆದುಕೊಂಡಳು, ತನ್ನ ಎತ್ತರವನ್ನೂ ಕಳೆದುಕೊಂಡಳು. ಅವಳು ತನ್ನ ಕಾಲದಲ್ಲಿ ಯಾರನ್ನಾದರೂ ಮೆಚ್ಚಿದ್ದಳೋ ಇಲ್ಲವೋ, ಪುರಾಣ ಆ ಮಾತು ಎತ್ತುವುದಿಲ್ಲ. ಆ ಧಾರಾವಾಹಿ ನೋಡುವ ಹುಡುಗಿ ಮೊದಲು ಕೇಳುವುದು ಅದನ್ನೇ.

ಹಾಗಾದರೆ ಕೇಳುಗರೇ, ನಮ್ಮ ಹುಡುಗಿಯೇ ಹೋಗಲಿ. ಚೀನಾಕ್ಕೂ ಬೇಡ, ಬ್ರಹ್ಮಲೋಕಕ್ಕೂ ಬೇಡ. ಗಜೇಂದ್ರಗಡದ ಒಬ್ಬ ನೇಕಾರರ ಮನೆಯ ಹುಡುಗಿ ಎಂದು ಇಟ್ಟುಕೊಳ್ಳೋಣ. ಅವ್ವ ಕೈಮಗ್ಗದಲ್ಲಿ ಪಟ್ಟೆದ ಅಂಚಿನ ಸೀರೆ ನೇಯುತ್ತಾಳೆ. ಮಗಳು ಇತಿಹಾಸ ಓದುತ್ತಾಳೆ. ಊರಿನ ಸುತ್ತಲ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳು ತಿರುಗುತ್ತವಲ್ಲ, ಅವುಗಳ ಕೆಳಗೆ ನಿಂತವಳು ಹಾಗೇ ಹಿಂದಿನ ಕಾಲಕ್ಕೆ ಜಾರಿದಳು ಎನ್ನಿ.

ಅವಳು ಮೊದಲು ಸೂಡಿಯಲ್ಲಿ ಇಳಿಯಲಿ ಎಂದು ನನ್ನ ಆಸೆ. ಜೋಡು ಕಳಸದ ಗುಡಿ, ನಾಗಕುಂಡದ ಮೆಟ್ಟಿಲು ಇರುವ ಸೂಡಿ. ಹನ್ನೊಂದನೆಯ ಶತಮಾನದಲ್ಲಿ ಅದು ಚಾಲುಕ್ಯರ ಅಕ್ಕಾದೇವಿ ಆಳಿದ ಕಿಸುಕಾಡು ನಾಡಿನ ದೊಡ್ಡ ಊರು. ಅಕ್ಕಾದೇವಿ ಇಮ್ಮಡಿ ಜಯಸಿಂಹನ ಅಕ್ಕ. ಹಾನಗಲ್ಲಿನ ಕದಂಬರ ಮನೆಗೆ ಮದುವೆಯಾಗಿ ಹೋದವಳು. ಹೋಗಿ ಮರೆಯಾದವಳಲ್ಲ. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿ ಕೂತವಳು. ರಣಭೈರವಿ ಎಂದು ಶಾಸನ ಅವಳನ್ನು ಕರೆಯುತ್ತದೆ. ಮನೆತನಕ್ಕಾಗಿ ಮದುವೆಯಾದ ಹೆಣ್ಣು ಮನೆತನದ ಕೈಗೊಂಬೆಯೇ ಆಗಬೇಕಿಲ್ಲ ಎಂಬುದನ್ನು ನಮ್ಮ ಹುಡುಗಿ ಅಲ್ಲಿ ಒಂದು ದಿನ ಕಣ್ಣಾರೆ ಕಂಡು ಮುಂದೆ ಹೋಗಲಿ. ಯಾಕೆಂದರೆ ಮುಂದೆ ಅವಳು ಹೋಗುವ ಕಡೆ ಆ ಧೈರ್ಯ ಬೇಕಾಗುತ್ತದೆ.

ಅವಳು ಹೋಗುವುದು ನರಗುಂದಕ್ಕೆ. 1858ರ ಮೇ ತಿಂಗಳು. ರೋಹಿಣಿ ಮಳೆಯ ದಿನಗಳು.

ಸುತ್ತ ಹರದಾರಿಗಟ್ಟಲೆ ಎರಿ ಭೂಮಿ. ನಡುವೆ ಒಂಟಿಯಾಗಿ ಎದ್ದ ಗುಡ್ಡ. ಗುಡ್ಡದ ಮೇಲೆ ಕೋಟೆ, ಬುಡದಲ್ಲಿ ಊರು, ಊರಲ್ಲಿ ವೆಂಕಟೇಶನ ಗುಡಿ ಮತ್ತು ಭಾವೆ ಮನೆತನದ ವಾಡೆ. ಈ ಗುಡ್ಡಕ್ಕಾಗಿ ಪೇಶವೆಯರೂ ಟಿಪ್ಪು ಸುಲ್ತಾನನೂ ಕಾದಾಡಿದ್ದರು. 1785ರಲ್ಲಿ ಟಿಪ್ಪುವಿನ ಸೈನ್ಯ ಇದನ್ನು ಹಿಡಿದು ಅರಸ ವೆಂಕಟರಾವ್ ಭಾವೆಯನ್ನು ಸೆರೆ ಒಯ್ದಿತು. 1787ರಲ್ಲಿ ನಮ್ಮ ಗಜೇಂದ್ರಗಡದಲ್ಲೇ ಆದ ಒಪ್ಪಂದದಲ್ಲಿ ನರಗುಂದ ತಿರುಗಿ ಮರಾಠರ ಕಡೆ ಬಂತು. ಆಮೇಲೆ ಪೇಶವೆಯೂ ಹೋದ, ಕಂಪನಿ ಸರಕಾರ ಬಂತು.

ಈಗ ವಾಡೆಯಲ್ಲಿ ಇರುವವರು ಭಾಸ್ಕರರಾವ್ ಭಾವೆ. ಊರವರ ಬಾಯಲ್ಲಿ ಬಾಬಾಸಾಹೇಬರು. ಓದಿದವರು, ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಸಿಟ್ಟವರು. ಮನೆಯಲ್ಲಿ ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರಿಬಾಯಿ. ವಾಡೆಯ ಒಳಗೆ ಮರಾಠಿ, ಅಗಸಿಯ ಹೊರಗೆ ಕನ್ನಡ. ಮನೆಗೆ ಗಂಡು ಸಂತಾನವಿಲ್ಲ.

ಇದೊಂದು ಕೊರತೆಯಿಂದ ಒಂದು ಸಂಸ್ಥಾನ ಹೇಗೆ ಮುಳುಗಿತು ಎಂಬುದನ್ನು ನಿಧಾನವಾಗಿ ಹೇಳಬೇಕು. ಮಗನಿಲ್ಲದವನು ದತ್ತು ತೆಗೆದುಕೊಳ್ಳುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಪಿಂಡ ಹಾಕುವವನು ಬೇಕು, ದೀಪ ಹಚ್ಚುವವನು ಬೇಕು. ಕಂಪನಿಯವರು ಅದನ್ನು ಪೂರ್ತಿ ಅಲ್ಲಗಳೆಯಲಿಲ್ಲ. ದತ್ತಕ ಮಗ ನಿಮ್ಮ ಮನೆಯ ಒಡವೆ, ಹೊಲಕ್ಕೆ ವಾರಸುದಾರನಾಗಲಿ, ಶ್ರಾದ್ಧ ಮಾಡಲಿ, ನಮ್ಮ ಅಭ್ಯಂತರವಿಲ್ಲ ಎಂದರು. ಆದರೆ ಗಾದಿಗೆ ಬರಬೇಕಾದರೆ ನಮ್ಮ ಒಪ್ಪಿಗೆ ಬೇಕು, ಒಪ್ಪಿಗೆ ಕೊಡುವುದೂ ಬಿಡುವುದೂ ನಮ್ಮ ಮರ್ಜಿ ಎಂದರು. ಹಾಗೆಂದೇ 1824ರಲ್ಲಿ ಕಿತ್ತೂರು ಹೋಯಿತು. ಲಾರ್ಡ್ ಡಾಲ್‌ಹೌಸಿ ಬಂದ ಮೇಲೆ ಇದು ಬಿಗಿಯಾದ ನೀತಿಯೇ ಆಯಿತು. 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ. ಬಾಬಾಸಾಹೇಬರು ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ಒಪ್ಪಿಗೆ ಬರಲಿಲ್ಲ.

ಕಣ್ಣಿಗೆ ಚುಚ್ಚುವ ಇನ್ನೊಂದು ಸಂಗತಿ ಇದರ ಮಗ್ಗುಲಲ್ಲೇ ಇದೆ. ನರಗುಂದಕ್ಕೆ ಒಂದು ದಿನದ ದಾರಿಯಲ್ಲಿ ರಾಮದುರ್ಗ. ಅಲ್ಲಿಯೂ ಭಾವೆಯವರೇ, ಒಂದೇ ಬೇರಿನ ಎರಡು ಮನೆ. 1827ರಲ್ಲಿ ರಾಮದುರ್ಗದ ನಾರಾಯಣರಾವ್ ಮಕ್ಕಳಿಲ್ಲದೆ ತೀರಿಕೊಂಡರು. ಅವರ ವಿಧವೆ ರಾಧಾಬಾಯಿ ನರಗುಂದದ ಅರಸನ ಮಗ ಹರಿಹರರಾಯನನ್ನು ದತ್ತು ತೆಗೆದುಕೊಂಡು ರಾಮರಾವ್ ಎಂದು ಹೆಸರಿಟ್ಟರು. ಕಂಪನಿ ಸರಕಾರ ಆಗ ಬೇಡವೆನ್ನಲಿಲ್ಲ. ಈ ರಾಮರಾವ್ ನಮ್ಮ ಬಾಬಾಸಾಹೇಬರ ಮಲಸಹೋದರ. ಅಂದರೆ ನರಗುಂದ ತನ್ನ ಮಗನನ್ನು ಕೊಟ್ಟು ರಾಮದುರ್ಗದ ಮನೆಯನ್ನು ಉಳಿಸಿತು. ನರಗುಂದಕ್ಕೆ ಅದೇ ಗತಿ ಬಂದಾಗ, ಅದೇ ದತ್ತಕಕ್ಕೆ, ಅದೇ ಸರಕಾರ ಆಗದು ಎಂದಿತು. ಉಳಿಸಿದ ಮನೆ ಉಳಿಯಿತು, ಉಳಿಸಿಕೊಟ್ಟ ಮನೆ ಮುಳುಗಿತು. ಕಾದಂಬರಿಕಾರ ಹೀಗೆ ಹೆಣೆದಿದ್ದರೆ ಇದು ಬಹಳ ಕಟ್ಟಿದ ಹಾಗಾಯಿತು ಎನ್ನುತ್ತಿದ್ದೆವು.

ಇನ್ನು ಸಾವಿತ್ರಿಬಾಯಿ. ಇತಿಹಾಸದ ಪುಸ್ತಕಗಳಲ್ಲಿ ಅವರ ಬಗ್ಗೆ ಇರುವುದು ಕಡೆಯ ಒಂದೆರಡು ಸಾಲು. ಗಂಡ ಹೆಂಡಿರ ನಡುವೆ ಎಂಥ ಪ್ರೀತಿ ಇತ್ತು, ಯಾರೂ ಬರೆದಿಟ್ಟಿಲ್ಲ. ಬಾಬಾಸಾಹೇಬರು ಮುಂಬಯಿಗೆ ಬರೆದ ಅರ್ಜಿಗಳಲ್ಲಿ ವಾರಸು ಎಂಬ ಮಾತಿನ ಹಿಂದೆ ಇದ್ದವರು ಅವರೇ. ಒಂದು ದೊಡ್ಡ ಮನೆಗೆ ಸೊಸೆಯಾಗಿ ಬಂದ ಹೆಣ್ಣಿಗೆ ಗಂಡು ಮಗುವಿಲ್ಲದೆ ಹೋದರೆ ಏನಾಗುತ್ತದೆ ಎಂದು ತಿಳಿಯಲು ದಫ್ತರ ತೆಗೆಯಬೇಕಿಲ್ಲ. ನಮ್ಮ ರೋಣ, ನರಗುಂದ ಕಡೆಯ ಯಾವುದೇ ಮನೆಯ ಸೀಮಂತಕ್ಕೆ ಹೋಗಿ ನೋಡಿ. ಗರ್ಭಿಣಿಯನ್ನು ಮಣೆಯ ಮೇಲೆ ಕೂರಿಸಿರುತ್ತಾರೆ. ಅವಳ ಸೆರಗಿಗೆ ಅಕ್ಕಿ, ಉತ್ತತ್ತಿ, ಅಡಿಕೆ, ಅರಿಷಿಣ ಬೇರು, ಕುಬಸದ ಖಣ. ಮುತ್ತೈದೆಯರು ಒಬ್ಬೊಬ್ಬರಾಗಿ ಎದ್ದು ಬಂದು ಉಡಿ ತುಂಬುತ್ತಾರೆ. ಆಗ ಒಬ್ಬ ಹೆಂಗಸು ಯಾರೂ ಹೇಳದಿದ್ದರೂ ತಾನೇ ಹಿಂದೆ ಸರಿದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾಳೆ. ಹೂರಣ ರುಬ್ಬುವ ಕೆಲಸ ಇನ್ನೂ ಇದೆ ಎನ್ನುತ್ತಾಳೆ. ಅವಳು ಯಾಕೆ ಹೋಗಿ ನಿಂತಳು ಎಂದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿರುತ್ತದೆ, ಯಾರೂ ಕರೆಯುವುದಿಲ್ಲ. ಇದು ನಾನು ಕಂಡದ್ದು, ಕೇಳುತ್ತಿರುವ ತಾಯಂದಿರಲ್ಲಿ ಹಲವರು ಕಂಡದ್ದು. ವಾಡೆಯ ಸೊಸೆಗೆ ಹಿಂದೆ ಸರಿದು ನಿಲ್ಲುವ ಬಾಗಿಲೂ ಇರಲಿಲ್ಲ. ಅವರ ಮಡಿಲಿನ ಮಾತು ಧಾರವಾಡದ ಕಲೆಕ್ಟರರ ಮೇಜಿನ ಮೇಲಿತ್ತು.

ನಮ್ಮ ಗಜೇಂದ್ರಗಡದ ಹುಡುಗಿ ಆ ವಾಡೆಯಲ್ಲಿ ಸಾವಿತ್ರಿಬಾಯಿಯವರ ಸಖಿಯಾಗಿ ಇರಲಿ. ರಾಜಕುಮಾರನ ಮೇಲೆ ಅವಳಿಗೆ ಮನಸ್ಸಾಗುವುದು ಬೇಡ, ಅದು ಬಹಳ ಸಲೀಸಾದ ದಾರಿ. ಅವಳು ನೋಡಬೇಕಾದದ್ದು ಬೇರೊಬ್ಬ ಹೆಣ್ಣಿನ ಪ್ರೀತಿ ಮನೆತನದ ಕೆಳಗೆ ಹೇಗೆ ಸಿಕ್ಕಿಕೊಂಡಿದೆ ಎಂಬುದನ್ನು. ಅವಳಿಗೆ ಗೊತ್ತಿರುವುದು ತಾರೀಕುಗಳು. ಪರೀಕ್ಷೆಗೆ ಬಾಯಿಪಾಠ ಮಾಡಿದ ತಾರೀಕುಗಳು.

ಮೇ 29ರ ರಾತ್ರಿ. ದಕ್ಷಿಣ ಮರಾಠಾ ಪ್ರಾಂತದ ರಾಜಕೀಯ ಏಜೆಂಟ ಚಾರ್ಲ್ಸ್ ಮ್ಯಾನ್ಸನ್ ರಾಮದುರ್ಗದಿಂದ ಹೊರಟು ಸುರೇಬಾನದಲ್ಲಿ ತಂಗಿದ್ದ. ಮುಂಡರಗಿ ಭೀಮರಾಯರು ಬಂಡೆದ್ದು ಕೊಪ್ಪಳದ ಕೋಟೆ ಹಿಡಿದಿದ್ದ ಹೊತ್ತು. ಆಯುಧ ಒಪ್ಪಿಸಬೇಕೆಂಬ ಆಜ್ಞೆಯಿಂದ ಊರೂರು ಕುದಿಯುತ್ತಿತ್ತು. ನರಗುಂದದ ಕಡೆಯವರು ಸುರೇಬಾನಕ್ಕೆ ಹೋಗಿ ಮ್ಯಾನ್ಸನ್ನನನ್ನು ಕೊಂದರು. ಅವನ ತಲೆಯನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ 1ಕ್ಕೆ ಕರ್ನಲ್ ಮಾಲ್ಕಮ್‌ನ ಸೈನ್ಯ ಬಂತು. ಜೂನ್ 2ಕ್ಕೆ ಗುಡ್ಡದ ಕೋಟೆ ಕೈಬಿಟ್ಟಿತ್ತು. ಬಾಬಾಸಾಹೇಬರನ್ನು ಪೊಲೀಸ ಅಧಿಕಾರಿ ಫ್ರಾಂಕ್ ಸೌಟರ್ ತೊರಗಲ್ಲಿನ ಅಡವಿಯಲ್ಲಿ ಹಿಡಿದ. ಬೆಳಗಾವಿಯಲ್ಲಿ ವಿಚಾರಣೆ ನಡೆಸಿ ಜೂನ್ 12ಕ್ಕೆ ಗಲ್ಲಿಗೆ ಹಾಕಿದರು. ಸುರೇಬಾನದ ರಾತ್ರಿಯಿಂದ ಬೆಳಗಾವಿಯ ಗಲ್ಲಿನವರೆಗೆ ಎರಡು ವಾರ. ಸಂಸ್ಥಾನವನ್ನು ಕಂಪನಿ ಸರಕಾರ ವಶಪಡಿಸಿಕೊಂಡಿತು, ಕೋಟೆಯನ್ನು ಕೆಡವಿಸಿತು. ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರಿಬಾಯಿ, ಇಬ್ಬರೂ ಮಲಪ್ರಭೆಯಲ್ಲಿ ಮುಳುಗಿ ಪ್ರಾಣ ಬಿಟ್ಟರು.

ಲಾವಣಿ ಹಾಡುವವರು ಈ ಬಂಡಾಯವನ್ನು ಡಪ್ಪಿನ ಮೇಲೆ ಹಾಡಿದಾಗ ಕೇಳುವವರ ಮೈ ಜುಮ್ಮೆನ್ನುತ್ತದೆ. ಮ್ಯಾನ್ಸನ್ನನ ತಲೆಯ ಹತ್ತಿರ ದನಿ ಏರುತ್ತದೆ. ಏರಲಿ, ಅದು ಹೋರಾಟದ ನೆನಪು, ನಮ್ಮ ನೆಲದ ಹೆಮ್ಮೆ. ನರಗುಂದ ಅಂದರೆ ಬಂಡಾಯ ಎಂಬ ಹೆಸರು 1980ರ ಜುಲೈ 21ರಂದು ರೈತರು ಗುಂಡಿಗೆ ಎದೆಯೊಡ್ಡಿದಾಗ ಮತ್ತೆ ಗಟ್ಟಿಯಾಯಿತು. ಆದರೆ ಅತ್ತೆ ಸೊಸೆ ಇಬ್ಬರು ಊರು ಬಿಟ್ಟು ನದಿಯ ಕಡೆ ನಡೆದ ದಾರಿಯ ಬಗ್ಗೆ ನಾವು ಕೇಳುವುದು ಕಡಿಮೆ. ಗುಡ್ಡದಿಂದ ಹೊಳೆ ಕೂಗಳತೆಯಲ್ಲಿ ಇಲ್ಲ. ಎರಿ ಹೊಲಗಳ ನಡುವೆ ಹರದಾರಿಗಟ್ಟಲೆ ಹೋಗಬೇಕು. ಮಳೆ ಬಿದ್ದಿದ್ದರೆ ಎರಿ ಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಭಾರ. ಬಿದ್ದಿರದಿದ್ದರೆ ನೆಲದ ಬಿರುಕು. ವಾಡೆಯ ಹೊರಗೆ ಬರಿಗಾಲಲ್ಲಿ ನಡೆದು ರೂಢಿ ಇಲ್ಲದವರು. ಅಷ್ಟು ದೂರ ಹೋಗುವಾಗ ಅವರು ಮಾತಾಡಿರಲೇಬೇಕು. ಮಗನಿಲ್ಲವೆಂದು ಅತ್ತೆ ಎಂದಾದರೂ ಸೊಸೆಯನ್ನು ಆಡಿಕೊಂಡಿದ್ದರೆ ಆ ದಾರಿಯಲ್ಲಿ ಅದರ ಲೆಕ್ಕ ತೀರಿತೋ ಇಲ್ಲವೋ. ಮನೆತನಕ್ಕಾಗಿ ಸೊಸೆಯ ಮೇಲೆ ಹೊರೆ ಹೊರಿಸಿದ ಹಿರಿಯಳೂ, ಹೊತ್ತ ಕಿರಿಯಳೂ ಒಟ್ಟಿಗೆ ಹೋದರು ಎಂಬುದು ಮಾತ್ರ ನಿಜ. ನನಗೆ ಇಡೀ ನರಗುಂದದ ಬಂಡಾಯದಲ್ಲಿ ಇದಕ್ಕಿಂತ ದೊಡ್ಡ ಅಧ್ಯಾಯವಿಲ್ಲ.

ನಮ್ಮ ಹುಡುಗಿ ಇದನ್ನೆಲ್ಲ ಬಲ್ಲಳು. ಮೇ ತಿಂಗಳಲ್ಲೇ ವಾಡೆಯಲ್ಲಿದ್ದಾಳೆ. ಏನು ಹೇಳಬೇಕು ಅವಳು?

ಅವಳಿಗೆ ಗೊತ್ತಿರುವ ಇನ್ನೊಂದು ಇಸವಿ ಇದೆ, 1862. ಆ ವರ್ಷ ಲಾರ್ಡ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿಕೊಟ್ಟ. ಮಗನಿಲ್ಲದಿದ್ದರೆ ದತ್ತು ತೆಗೆದುಕೊಳ್ಳಿ, ಗಾದಿ ನಿಮ್ಮ ಮನೆಯಲ್ಲೇ ಇರುತ್ತದೆ ಎಂದು ಬರೆದುಕೊಟ್ಟ. ಬಾಬಾಸಾಹೇಬರು ಬೇಡಿ ಬೇಡಿ ಸಿಗದೆ ಹೋದದ್ದು ಅವರು ಸತ್ತ ನಾಲ್ಕೇ ವರ್ಷಕ್ಕೆ ಊರೂರಿಗೆ ಬಂತು. ಹುಡುಗಿ ಓಡಿಹೋಗಿ ಹೇಳಬಹುದು: ಸಾಹೇಬರೇ, ಇನ್ನು ನಾಲ್ಕು ವರ್ಷ ತಡೆಯಿರಿ. ಸುರೇಬಾನಕ್ಕೆ ಯಾರನ್ನೂ ಕಳಿಸಬೇಡಿ. ನಿಮ್ಮ ಗಾದಿಯೂ ಉಳಿಯುತ್ತದೆ, ನಿಮ್ಮ ಅವ್ವನೂ ಬಾಯಿಸಾಹೇಬರೂ ಉಳಿಯುತ್ತಾರೆ.

ಇಲ್ಲಿ ನಿಂತು ಯೋಚಿಸಬೇಕು. ಆ ಸನದುಗಳು ಯಾಕೆ ಬಂದವು? ಆಂಗ್ಲರಿಗೆ ಒಮ್ಮೆಲೆ ದಯೆ ಹುಟ್ಟಿತೆಂದಲ್ಲ. ಝಾನ್ಸಿ ಎದ್ದಿತ್ತು, ನರಗುಂದ ಎದ್ದಿತ್ತು. ಗಾದಿಯ ಹಕ್ಕು ಕಿತ್ತುಕೊಂಡಲ್ಲೆಲ್ಲ ಬೆಂಕಿ ಹತ್ತುತ್ತದೆ ಎಂದು ಅವರು ನೆತ್ತರು ಚೆಲ್ಲಿ ಕಲಿತಿದ್ದರು. 1858ರ ನವೆಂಬರ್ 1ರ ರಾಣಿಯ ಘೋಷಣೆಯೂ ಆ ಪಾಠದಿಂದಲೇ ಬಂತು. ಬಾಬಾಸಾಹೇಬರಂಥವರು ಏಳದೆ ಇದ್ದಿದ್ದರೆ 1862 ಬರುತ್ತಿತ್ತೇ? ತಡೆಯಿರಿ ಎಂದು ಹುಡುಗಿ ಹೇಳಿದ ಮಾತನ್ನು ಎಲ್ಲರೂ ಕೇಳಿದ್ದರೆ ಆ ಸನದು ಎಂದಿಗೂ ಬರುತ್ತಿರಲಿಲ್ಲವೇನೋ. ಒಂದು ಮನೆ ಮುಳುಗಿದ್ದರಿಂದ ಉಳಿದ ಮನೆಗಳಿಗೆ ದತ್ತಕದ ಹಕ್ಕು ಸಿಕ್ಕಿತು. ಚೀನಾದ ಹುಡುಗಿ ಅರಮನೆಯಲ್ಲಿ ಯಾರನ್ನೂ ಉಳಿಸಲಾಗದೆ ಸೋತಳು. ನಮ್ಮ ಹುಡುಗಿಯ ಕಷ್ಟ ಅದಕ್ಕಿಂತ ದೊಡ್ಡದು: ಮಾತು ಕೇಳಿದರೂ ಆ ಇಬ್ಬರು ಹೆಂಗಸರು ಬದುಕುತ್ತಾರೆಂಬ ಖಾತ್ರಿ ಅವಳಿಗಿಲ್ಲ, ಮುಂದೆ ಬರಬೇಕಾದದ್ದು ಬರುತ್ತದೆಂಬ ಖಾತ್ರಿಯೂ ಇಲ್ಲ.

ಹಾಗೆಂದು ಅವಳು ಬಾಯಿ ಮುಚ್ಚಿಕೊಂಡಿರಬೇಕೆ? ನಾನು ಬರೆದರೆ ಅವಳನ್ನು ಬಾಬಾಸಾಹೇಬರ ಹತ್ತಿರ ಕಳಿಸುವುದಿಲ್ಲ, ಸಾವಿತ್ರಿಬಾಯಿಯವರ ಹತ್ತಿರ ಕೂರಿಸುತ್ತೇನೆ. ತಾರೀಕು ಹೇಳುವ ಬದಲು ಅವರನ್ನು ಕೇಳಲಿ. ಬಾಯಿಸಾಹೇಬರೇ, ಈ ದತ್ತಕ ನಿಮಗೆ ಬೇಕಿತ್ತೆ? ಬೇರೆಯವರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಆಸೆ ನಿಮ್ಮದೋ, ಗಾದಿಯದೋ? ಮಗನೂ ಇಲ್ಲದೆ, ಸಂಸ್ಥಾನವೂ ಇಲ್ಲದೆ ಗಂಡನ ಜೊತೆ ಬರಿಯ ಗಂಡ ಹೆಂಡಿರಾಗಿ ಎಲ್ಲಾದರೂ ಇದ್ದುಬಿಡಬಹುದಿತ್ತು ಎಂದು ಎಂದಾದರೂ ಅನ್ನಿಸಿತ್ತೆ? ಈ ಪ್ರಶ್ನೆಯನ್ನು 1858ರಲ್ಲಿ ಅವರನ್ನು ಯಾರೂ ಕೇಳಿರಲಾರರು. ಮುಂಬಯಿಯ ಸರಕಾರ ಕೇಳುವ ಮಾತೇ ಇಲ್ಲ. ಮನೆಯವರೂ ಕೇಳಿರಲಿಕ್ಕಿಲ್ಲ. ಇವತ್ತಿನ ಹುಡುಗಿ ಅಲ್ಲಿಗೆ ಹೋಗಬೇಕಾದದ್ದು ಇದಕ್ಕಾಗಿ. ಅವರ ಉತ್ತರ ಏನೇ ಇರಲಿ. ನನಗೆ ಗಾದಿಯೇ ದೊಡ್ಡದು, ಮನೆಯ ದೀಪ ಆರಬಾರದು ಎಂದು ಅವರು ಖಡಕ್ಕಾಗಿ ಹೇಳಿದರೂ ನಾನು ಒಪ್ಪುತ್ತೇನೆ. ಕರ್ತವ್ಯವನ್ನು ಮನಸಾರೆ ಹೊತ್ತ ಹೆಂಗಸರನ್ನೂ ನಾನು ಕಂಡಿದ್ದೇನೆ. ಅವರನ್ನು ಪಾಪ ಎನ್ನುವುದು ಅವರಿಗೆ ಮಾಡುವ ಅವಮಾನ.

ಬಸ್ಸಿನಲ್ಲಿ ಮೊಬೈಲು ನೋಡುವ ಹುಡುಗಿಯರಿಗೆ ನನ್ನದೊಂದು ಕೋರಿಕೆ ಇದೆ. ಈ ಕಥೆಯನ್ನು ನೀವೇ ಬರೆಯಿರಿ. ಒಂದು ಕಾಲಕ್ಕೆ ಗಳಗನಾಥರು ಐತಿಹಾಸಿಕ ಕಾದಂಬರಿಗಳನ್ನು ಬರೆದು, ಗಂಟು ಕಟ್ಟಿ ಹೊತ್ತುಕೊಂಡು ಊರೂರು ತಿರುಗಿ ಮಾರಿ ನಮ್ಮ ಸೀಮೆಗೆ ಓದುವ ರುಚಿ ಹತ್ತಿಸಿದರು. ನಿಮಗೆ ಹೊತ್ತು ತಿರುಗುವ ಕಷ್ಟವೂ ಇಲ್ಲ. ಬರೆಯುವಾಗ ಒಂದು ಅಧ್ಯಾಯವನ್ನು ಮಾತ್ರ ಬಿಡಬೇಡಿ, ರಾಮದುರ್ಗದ್ದು.

ಮ್ಯಾನ್ಸನ್ ಸುರೇಬಾನಕ್ಕೆ ಹೊರಡುವ ಮೊದಲು ಇದ್ದದ್ದು ರಾಮದುರ್ಗದಲ್ಲಿ, ಬಾಬಾಸಾಹೇಬರ ಆ ಮಲಸಹೋದರನ ಬಳಿ. ನಮ್ಮ ಜೊತೆ ಏಳು ಎಂದು ನರಗುಂದದಿಂದ ಬಂದಿದ್ದ ಪತ್ರವನ್ನು ಆ ಅರಸ ಮ್ಯಾನ್ಸನ್ನನಿಗೆ ತೋರಿಸಿದ. ನರಗುಂದದ ದಾರಿ ಹಿಡಿಯಬೇಡಿ ಎಂದೂ ಎಚ್ಚರಿಸಿದ. ಇದಕ್ಕೆ ದ್ರೋಹವೆಂದು ಹೆಸರಿಟ್ಟು ಮುಂದೆ ಹೋಗುವುದು ಸುಲಭ. ಆದರೆ ಅವನು ದತ್ತು ಹೋದ ಮಗ. ಯಾವ ಮನೆಯನ್ನು ಉಳಿಸಲೆಂದು ಅವನನ್ನು ಹೆತ್ತವರ ತೊಡೆಯಿಂದ ಎತ್ತಿ ಕೊಟ್ಟರೋ ಆ ಮನೆಯನ್ನು ಉಳಿಸಿದ. ರಾಮದುರ್ಗ ಸಂಸ್ಥಾನ 1948ರವರೆಗೆ ಉಳಿದೇ ಉಳಿಯಿತು. ಹುಟ್ಟಿದ ಮನೆಯ ಋಣ ಒಂದು ಕಡೆ, ಹೋದ ಮನೆಯ ಋಣ ಇನ್ನೊಂದು ಕಡೆ. ಅವನು ಒಂದನ್ನು ತೀರಿಸಿದ.

ದತ್ತು ಹೋದವನು ಹುಟ್ಟಿದ ಮನೆಯವರಿಗೆ ಎಷ್ಟು ದಿನದ ಸೂತಕ ಹಿಡಿಯಬೇಕು, ಒಂದೇ ಗೋತ್ರದಲ್ಲಿ ಕೊಟ್ಟಿದ್ದರೆ ಎಷ್ಟು, ಬೇರೆ ಗೋತ್ರಕ್ಕೆ ಕೊಟ್ಟಿದ್ದರೆ ಎಷ್ಟು ಎಂದು ನಮ್ಮ ಹಿರಿಯರಲ್ಲಿ ಲೆಕ್ಕವಿದೆ. ಜೂನ್ 12ರ ಸುದ್ದಿ ಬೆಳಗಾವಿಯಿಂದ ರಾಮದುರ್ಗಕ್ಕೆ ಬಂದಾಗ ಆ ಲೆಕ್ಕ ಅರಮನೆಯಲ್ಲಿ ಎದ್ದಿರಲೇಬೇಕು. ಮಲಪ್ರಭೆಯ ಸುದ್ದಿಯೂ ಬಂದಿತ್ತು. ಸರಕಾರದವರ ಕಣ್ಣು ಅರಮನೆಯ ಮೇಲಿತ್ತು. ಮಲಸಹೋದರನನ್ನು ಗಲ್ಲಿಗೆ ಹಾಕಿದ ಸರಕಾರಕ್ಕೆ ನಿಷ್ಠನಾಗಿದ್ದ ಅರಸ ಬಹಿರಂಗವಾಗಿ ಸ್ನಾನ ಮಾಡಿ ಸೂತಕ ಹಿಡಿದನೋ, ಹಿತ್ತಲ ಬಾವಿಯಲ್ಲಿ ಒಳಗೊಳಗೇ ಮುಗಿಸಿದನೋ. ಅದನ್ನು ಬರೆಯುವವಳು ಪುರೋಹಿತರ ಮನೆಯವರನ್ನು ಕೂರಿಸಿ ಸೂತಕದ ಕಟ್ಟಳೆ ಕೇಳಿ ತಿಳಿದುಕೊಳ್ಳಲಿ, ಒಮ್ಮೆ ಸುರೇಬಾನದ ಮೇಲೆ ಹಾದು ರಾಮದುರ್ಗಕ್ಕೂ ಹೋಗಿ ಬರಲಿ. ನರಗುಂದದಿಂದ ಬಸ್ಸುಗಳಿವೆ.